ಹೆದರ್ಕೊ ಎನ್ನುತ್ತಿದ್ದ ಸಿಸ್ಟರಮ್ಮ

ಅವರಿಗೆ ದನ ಕಂಡರೆ ಹೆದರಿಕೆ. ನಾಯಿ ಕಂಡರೆ ಹೆದರಿಕೆ. ಗುಡುಗಿಗೆ, ಜಿಗಣೆಗೆ, ತಾಲ್ಲೂಕು ಆಸ್ಪತ್ರೆಯಿಂದ ತಪಾಸಣೆಗೆ ಬರುವ ಜೀಪಿಗೆ, ಎಲ್ಲಕ್ಕೂ ಹೆದರಿಕೆ. ಹೆಗ್ಗದ್ದೆಯಲ್ಲಿ ನಮ್ಮ ಮನೆಗೂ ರಸ್ತೆಗೂ ನಡುವೆ ಒಂದು ಹಳ್ಳವಿದೆ. ಆಗ ಅದಕ್ಕೆ ಎರಡು ಮರದ ದಿಮ್ಮಿ ಹಾಸಿದ ಕಾಲುಸಂಕವಿತ್ತು. ಊರಿನ ಮಕ್ಕಳು ಓಡಿಕೊಂಡು ದಾಟುತ್ತಿದ್ದ ಆ ಸಂಕವನ್ನು ಅವರು ಔಷಧಿಯ ಚೀಲ ಕುತ್ತಿಗೆಗೆ ಹಾಕಿಕೊಂಡು, ಸೀರೆ ಎತ್ತಿ ಕಟ್ಟಿ, ಕೂತುಕೊಂಡೇ ಇಷ್ಟಿಷ್ಟು ಸರಿಯುತ್ತ ದಾಟುತ್ತಿದ್ದರು. ನಡುವೆ ಒಮ್ಮೆ ಕಣ್ಣು ಮುಚ್ಚಿ ಮಂಜುನಾಥಸ್ವಾಮಿಯನ್ನು ಕರೆಯುತ್ತಿದ್ದರು. ನಾವು ಹುಡುಗಿಯರು ಈಚೆ ದಡದಲ್ಲಿ ನಿಂತು ಕಿಸಿಕಿಸಿ ನಗುತ್ತಿದ್ದೆವು. ಆದರೆ ಸಂಕ ದಾಟದೆ ಅವರು ವಾಪಸ್ಸು ಹೋದದ್ದನ್ನು ನಮ್ಮಲ್ಲಿ ಯಾರೂ ನೋಡಿಲ್ಲ.

ಸರ್ಕಾರಿ ಉಪಕೇಂದ್ರದ ನರ್ಸ್ ಅವರು. ಕುಂದೂರು ಕಡೆಯವರು. ಗಂಡ ಅಲ್ಲೇ ಗದ್ದೆ ನೋಡಿಕೊಂಡಿದ್ದರು. ಇವರು ಹೆಗ್ಗದ್ದೆಯ ಕ್ವಾರ್ಟರ್ಸಿನಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಇದ್ದರು. ಹೆಸರೊಂದಿತ್ತು, ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಬಳಕೆಯಾಗಲಿಲ್ಲ. ತೋಟದ ಯಜಮಾನರಿಂದ ಹಿಡಿದು ತೋಟದೊಳಗಿನ ಕೂಲಿಮನೆಗಳ ಸಾಲಾದ ಲೈನಿನವರವರೆಗೆ ಎಲ್ಲರಿಗೂ ಅವರು ಸಿಸ್ಟರಮ್ಮ. ಹೋದ ತಿಂಗಳು ಕುಂದೂರಿನಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿ ಬಂದೆ. ಅಲ್ಲಿ ಯಾರೋ, "ಬಲೇ ಧೈರ್ಯದ ಹೆಂಗ್ಸು ಕಣ್ರೀ" ಅಂದರು. ನನಗೆ ನಗು ಬಂತು. ಸಾವಿನ ಮನೆಯಲ್ಲಿ ನಗಬಾರದೆಂದು ಸೆರಗನ್ನು ಬಾಯಿಗೆ ಹಿಡಿದೆ. ನೋಡಿದವರು ಅಳುತ್ತಿದ್ದೇನೆ ಎಂದುಕೊಂಡರು. ಅದೂ ಸುಳ್ಳಲ್ಲ.

ಹೆದರುವುದಷ್ಟೇ ಆಗಿದ್ದರೆ ಅಷ್ಟೊಂದು ನೆನಪಿಟ್ಟುಕೊಳ್ಳುವಂಥದ್ದೇನಿರಲಿಲ್ಲ. ಅವರು ಹೆದರಿಸುತ್ತಲೂ ಇದ್ದರು. ಶಾಲೆಗೆ ಚುಚ್ಚುಮದ್ದು ಹಾಕಲು ಬಂದರೆ ಮೇಷ್ಟ್ರು, "ಏನೂ ನೋಯಲ್ಲ, ಇರುವೆ ಕಚ್ಚಿದ ಹಾಗೆ" ಎಂದು ನಮ್ಮನ್ನು ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಸಿಸ್ಟರಮ್ಮ ಸೂಜಿ ಎತ್ತಿಕೊಂಡು, "ಯಾಕ್ ಸುಳ್ ಹೇಳ್ತೀರಿ ಮೇಷ್ಟ್ರೇ? ನೋಯ್ತೈತೆ. ಎರಡ್ ದಿನ ಕೈ ಎತ್ತಕಾಗಲ್ಲ. ಅಳೋರು ಈಗ್ಲೇ ಅಳ್ರಪ್ಪ" ಅನ್ನುತ್ತಿದ್ದರು. ಬಸುರಿಯರಿಗಂತೂ ಅವರ ಬಾಯಿಂದ ಸಮಾಧಾನದ ಮಾತು ಬಂದದ್ದೇ ಇಲ್ಲ. ಕಾಲು ಊದಿಕೊಂಡಿದೆ ಅಂತ ಯಾರಾದರೂ ತೋರಿಸಿದರೆ ಬೆರಳಿನಿಂದ ಒತ್ತಿ, ಕುಳಿ ಬಿದ್ದದ್ದನ್ನು ನೋಡಿ, "ಹೆದರ್ಕೊ ಕಣವ್ವ. ಇವತ್ತೇ ಸಕಲೇಶಪುರಕ್ಕೆ ಹೋಗು" ಅನ್ನುವವರು. ಗಂಡಸರಿಗೆ ಇದು ಸೇರುತ್ತಿರಲಿಲ್ಲ. ಬಾಯಲ್ಲಿ ಒಳ್ಳೇದು ಬರಲ್ಲ ಆಯಮ್ಮಂಗೆ ಅಂತ ನಮ್ಮಪ್ಪನೇ ಎಷ್ಟೋ ಸಲ ಗೊಣಗಿದ್ದಾರೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನನ್ನನ್ನು ಆಲೂರು ತಾಲ್ಲೂಕಿನ ಪಾಳ್ಯದ ಹತ್ತಿರ ಕೊಟ್ಟಿದ್ದರು. ಗದ್ದೆ, ರಾಗಿ ಹೊಲ, ಅಂಚಿನಲ್ಲಿ ಕಾಫಿ ಇರುವ ಮನೆ. ಚೊಚ್ಚಲು ಬಸುರಿ. ಐದು ತಿಂಗಳಿಗೆ ಮಾಡಿಸಬೇಕಿದ್ದ ಸ್ಕ್ಯಾನಿಂಗು ನಾಟಿ ಮುಗಿಯಲಿ, ಹಬ್ಬ ಕಳೆಯಲಿ ಅಂತ ಮುಂದಕ್ಕೆ ಹೋಗುತ್ತ ಹೋಗುತ್ತ ಆರು ದಾಟಿದ ಮೇಲೆ ಹಾಸನದಲ್ಲಿ ಆಯಿತು. ಅಲ್ಲಿಯ ಡಾಕ್ಟರು ಮೊದಲು ಚೆನ್ನಾಗಿ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರು. ಹೊಟ್ಟೆಯ ಮೇಲೆ ಒಂದೇ ಜಾಗದಲ್ಲಿ ಆ ಯಂತ್ರವನ್ನು ಒತ್ತಿ ಹಿಡಿದು ಎಷ್ಟೋ ಹೊತ್ತು ನೋಡಿದರು. ಆ ಮೌನಕ್ಕೆ ನಾನು ಹೆದರಿದಷ್ಟು ಜೀವನದಲ್ಲಿ ಬೇರೆ ಯಾವುದಕ್ಕೂ ಹೆದರಿರಲಿಲ್ಲ. ಆಮೇಲೆ, "ಬೆಂಗಳೂರಿಗೆ ಹೋಗಿ, ಮಗುವಿನ ಹೃದಯ ನೋಡೋರು ಇದ್ದಾರೆ" ಅಂದರು.

ಬೆಂಗಳೂರಿನ ಡಾಕ್ಟರಮ್ಮ ಕಾಗದದ ಮೇಲೆ ಪೆನ್ನಿನಲ್ಲಿ ಬರೆದು ತೋರಿಸಿದರು. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ನನ್ನ ಮಗುವಿನಲ್ಲಿ ಅದಲುಬದಲಾಗಿದ್ದವು. ಹೊಟ್ಟೆಯೊಳಗೆ ಇರುವಷ್ಟು ದಿನ ತೊಂದರೆಯಿಲ್ಲ, ತಾಯಿಯ ರಕ್ತದಿಂದ ಎಲ್ಲ ನಡೆಯುತ್ತದೆ. ಹುಟ್ಟಿದ ಮೇಲೂ ಸ್ವಲ್ಪ ಹೊತ್ತು ನೋಡಲು ಚೆನ್ನಾಗಿಯೇ ಇರಬಹುದು. ಹೃದಯದ ಹತ್ತಿರ ಒಂದು ಸಣ್ಣ ದಾರಿ ತೆರೆದಿರುತ್ತದೆ; ಹುಟ್ಟಿದ ಮೇಲೆ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಬೇರೆ ಮಕ್ಕಳಿಗೆ ಮುಚ್ಚಬೇಕು, ಈ ಮಗುವಿಗೆ ಮುಚ್ಚಿದರೆ ಉಳಿಯುವುದಿಲ್ಲ. ಅದನ್ನು ತೆರೆದಿಡುವ ಔಷಧಿಯನ್ನು ಹುಟ್ಟಿದ ಕೂಡಲೇ ರಕ್ತಕ್ಕೆ ಬಿಡಬೇಕು, ಎರಡು ವಾರದೊಳಗೆ ಆಪರೇಶನ್ ಮಾಡಬೇಕು. ಅದಕ್ಕೇ ಹೆರಿಗೆ ಇಲ್ಲೇ ಆಗಬೇಕು, ಊರಲ್ಲಿ ಖಂಡಿತ ಕೂಡದು ಎಂದು ಎರಡೆರಡು ಸಲ ಹೇಳಿದರು.

"ಕೊನೆ ಸಲ ಮುಟ್ಟಾಗಿದ್ದು ಯಾವಾಗ?" ಎಂದು ಕೇಳಿದರು. ಪಕ್ಕದಲ್ಲಿ ನಮ್ಮನೆಯವರು, ಮಾವ ಇಬ್ಬರೂ ಕೂತಿದ್ದರು. ನಾನು ನೆಲ ನೋಡಿದೆ. ನನಗೆ ತಾರೀಖು ಗೊತ್ತಿರಲಿಲ್ಲ. ಹೂಮಳೆ ಬಿದ್ದ ದಿನ ಮುಟ್ಟಾಗಿ ತಲೆ ಮೇಲೆ ನೀರು ಹಾಕಿಕೊಂಡೆ ಎಂದು ಅತ್ತೆಗೆ ಹೇಳಿದ್ದೆ, ಅಷ್ಟೇ. ಬೇಸಿಗೆಯಲ್ಲಿ ಕಾಫಿ ಗಿಡ ಹೂ ಬಿಡುವುದಕ್ಕೆ ಬೇಕಾದ ಮಳೆ ಅದು. ಕಾಫಿ ಬೆಳೆಯುವ ಮನೆಗಳಲ್ಲಿ ಮಕ್ಕಳು ಹುಟ್ಟಿದ್ದು, ದನ ಕರು ಹಾಕಿದ್ದು, ಎಲ್ಲವನ್ನೂ ಹೂಮಳೆಗೆ ಹಿಂದೆ ಮುಂದೆ ಎಂದೇ ಹೇಳುತ್ತೇವೆ. ಬಿದ್ದ ಒಂದೊಂದು ಮಳೆಯನ್ನೂ ಇಂಚು, ಇಂಚಿನ ನೂರನೇ ಪಾಲಾದ ಸೆಂಟುಗಳ ಲೆಕ್ಕದಲ್ಲಿ ಪುಸ್ತಕದಲ್ಲಿ ಬರೆದಿಡುತ್ತೇವೆ. ಅತ್ತೆ ಈ ಮಾತನ್ನು ಮಾವನಿಗೆ ದಾಟಿಸಿದ್ದರು, ಮಾವ ಪುಸ್ತಕವನ್ನು ಬ್ಯಾಗಿನಲ್ಲೇ ತಂದಿದ್ದರು.

"ಏಪ್ರಿಲ್ ಮೊದಲ್ನೇ ವಾರ ಡಾಕ್ಟ್ರೇ. ಒಂದು ಇಂಚು ಹತ್ತು ಸೆಂಟು."

ಡಾಕ್ಟರಮ್ಮನಿಗೆ ಇಂಚು ಸೆಂಟು ಅರ್ಥವಾಗಲಿಲ್ಲ. ಆ ಲೆಕ್ಕಕ್ಕೆ ಮಗು ಸ್ವಲ್ಪ ದೊಡ್ಡದಾಗೇ ಇದೆ, ಆದರೆ ಇಷ್ಟು ತಡವಾಗಿ ಮಾಡಿದ ಸ್ಕ್ಯಾನಿಂಗಿನಲ್ಲಿ ಎರಡು ಮೂರು ವಾರ ಆಚೀಚೆ ಬರಬಹುದು, ನಿಮ್ಮ ದಿನ ಖಾತ್ರಿಯಿದ್ದರೆ ಅದನ್ನೇ ಹಿಡಿಯೋಣ ಅಂದರು. "ಖಾತ್ರಿನಾ?" ಎಂದು ನನ್ನ ಮುಖ ನೋಡಿದರು. ಮಾವ "ಖಾತ್ರಿ" ಅಂದರು. ನಾನೂ ತಲೆಯಾಡಿಸಿದೆ. ಜನವರಿ ಮೊದಲ ವಾರ ಹೆರಿಗೆ, ಡಿಸೆಂಬರ್ ನಡುವಿಗೆ ಬಂದು ಆಸ್ಪತ್ರೆಯ ಹತ್ತಿರವೇ ಉಳಿಯುವುದು ಎಂದು ತೀರ್ಮಾನವಾಯಿತು.

ಚೊಚ್ಚಲಿಗೆ ತವರಿಗೆ ಹೋಗಲೇಬೇಕಲ್ಲ. ಬಳೆ ತೊಡಿಸಿ, ಮಡಿಲು ತುಂಬಿ, ಬೆಂಗಳೂರಿಗೆ ಹೊರಡುವವರೆಗೆ ಇರಲಿ ಎಂದು ನನ್ನನ್ನು ಹೆಗ್ಗದ್ದೆಗೆ ಕಳಿಸಿದರು. ಬಂದವರೆಲ್ಲ ಒಂದೇ ಮಾತು: ಹೆದರಬೇಡ. ಅವ್ವ ಹೆದರಬೇಡ ಅಂದಳು, ಚಿಕ್ಕಮ್ಮ ಹೆದರಬೇಡ ಅಂದಳು, ಕಾಫಿ ಹಣ್ಣು ಕುಯ್ಯಲು ಬಂದ ಹೆಂಗಸರೂ ಹೆದರಬೇಡಿ ಅಂದರು. ನಾನು ಹಗಲೆಲ್ಲ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತಿದ್ದೆ. ಮಗು ಒದ್ದರೆ ಹೆದರಿಕೆ, ಒದೆಯದಿದ್ದರೆ ಇನ್ನೂ ಹೆದರಿಕೆ. ಒಳಗಿರುವಷ್ಟು ದಿನ ಅದು ಕ್ಷೇಮ, ಹೊರಗೆ ಬಂದ ಗಳಿಗೆಯಿಂದ ಅಪಾಯ. ಹೆರಿಗೆ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಎದ್ದು ಒಳಗೆ ಹೋಗಿಬಿಡುತ್ತಿದ್ದೆ.

ಸಿಸ್ಟರಮ್ಮ ಬಂದರು. ಅವರ ಪದ್ಧತಿಯಂತೆ ಮೊಣಕೈವರೆಗೆ ಸೋಪು ಹಾಕಿ ತೊಳೆದು, ಒರೆಸದೆ, ನೀರು ಇಳಿಯಲಿ ಎಂದು ಎರಡೂ ಕೈ ಮೇಲೆತ್ತಿಕೊಂಡು ನಿಂತರು. ಕೈ ಒಣಗಿದ ಮೇಲೆ ಫೈಲು ತೆಗೆದುಕೊಂಡು ಜಗಲಿಯ ಮೇಲೆ ಕೂತು ಓದಿದರು. ಇಂಗ್ಲಿಷ್ ಪೂರಾ ಬಾರದು. ಬೆರಳಿಟ್ಟು ಒಂದೊಂದೇ ಶಬ್ದ ಓದಿದರು. ಓದಿ ಮುಗಿಸಿ ನನ್ನ ಮುಂದೆ ಎರಡೂ ಕೈ ಚಾಚಿದರು.

"ನೋಡು, ನಡುಗ್ತಾ ಐತೆ. ನಂಗೆ ಹೆದ್ರಿಕೆ ಆಯ್ತಾ ಐತೆ ಕಣವ್ವ. ನೀನೂ ಹೆದರ್ಕೊ."

ಅವ್ವ ಒಳಗಿನಿಂದ ದಡದಡ ಬಂದಳು. "ಏನ್ ಮಾತು ಅಂತ ಆಡ್ತೀರಿ ಸಿಸ್ಟರಮ್ಮ? ತುಂಬಿದ ಬಸುರಿ ಮುಂದೆ? ಇಂಗೆ ಮಾತಾಡೋದಾದ್ರೆ ಬರ್ಲೇಬೇಡಿ" ಅಂದಳು. ಸಿಸ್ಟರಮ್ಮ ಚೀಲ ಹೆಗಲಿಗೇರಿಸಿ ಹೋದರು. ಸರಿಯಾಗಿ ಮೂರು ದಿನ ಬಿಟ್ಟು ಮತ್ತೆ ಬಂದರು. ಅವ್ವ ಮಾತಾಡಿಸಲಿಲ್ಲ, ಅವರೂ ಕಾಯಲಿಲ್ಲ. ಕಹಳೆಯಂಥ ಅಲ್ಯೂಮಿನಿಯಂ ಕೊಳವೆಯನ್ನು ನನ್ನ ಹೊಟ್ಟೆಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ ಎದೆಬಡಿತ ಎಣಿಸಿ ಹೋದರು. ಆಮೇಲೆ ಮೂರು ದಿನಕ್ಕೊಮ್ಮೆ ಬರುವುದು ತಪ್ಪಲಿಲ್ಲ.

ನಾನೂ ಅವರ ಮೇಲೆ ಸಿಟ್ಟಾಗಿದ್ದೆ. ಒಂದು ದಿನ ಕ್ವಾರ್ಟರ್ಸಿಗೇ ಹೋಗಿ, "ಎಲ್ಲರೂ ಧೈರ್ಯ ಹೇಳ್ತಾರೆ, ನಿಮಗೊಬ್ಬರಿಗೆ ಏನು ಬಂದಿದೆ?" ಎಂದು ಕೇಳಿಬಿಟ್ಟೆ. ಅವರು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಕೈ ನಿಲ್ಲಿಸದೆ ಹೇಳಿದರು.

"ನಾನ್ ಕೆಲ್ಸಕ್ಕೆ ಬಂದ ಹೊಸ್ತು. ಲೈನಿನಲ್ಲಿ ಒಂದ್ ಹೆರಿಗೆ ಮಾಡಿಸ್ದೆ. ಗಂಡು ಮಗ. ತೊಂಡೆ ಹಣ್ಣಿನಂಗೆ ಕೆಂಪಗಿತ್ತು, ಏನ್ ಅಳು, ಏನ್ ಕೂಗು! ಸಂಜೆ ನೋಡ್ದಾಗ ತುಟಿ ಯಾಕೋ ಒಂದ್ ಥರ ಅನ್ನಿಸ್ತು. ಆ ತಾಯಿ ನನ್ ಮುಖಾನೇ ನೋಡ್ತಾ ಇದ್ಲು. ಹೊಸ ಬಾಣಂತಿ, ಹೆದರಿಸಬಾರ್ದು ಅಂತ, ಏನೂ ಇಲ್ಲ ಕಣವ್ವ, ಹೆದರ್ಬೇಡ ಅಂದ್ಬುಟ್ಟು ಬಂದೆ. ಮಾರನೇ ದಿನ ಹೋಗ್ತೀನಿ, ನೇರಳೆ ಬಣ್ಣ. ನಾನ್ ಹೋಗಿ ಸ್ವಲ್ಪ ಹೊತ್ಗೆ ಹೋಗ್ಬುಡ್ತು." ಅಕ್ಕಿಯೊಳಗಿನ ಒಂದು ಕಲ್ಲು ತೆಗೆದು ಪಕ್ಕಕ್ಕಿಟ್ಟರು. "ನಾನು ಹೆದರಿಸಿದ್ರೆ ಅವ್ರು ಹೊರಟಾದ್ರೂ ಹೊರಡೋರು. ಉಳೀತಿತ್ತೋ ಇಲ್ವೋ, ಅದು ಬೇರೆ. ಹೊರಡೋರು."

ಅಂದಿನಿಂದ ಅವರ ಮೇಲಿನ ಸಿಟ್ಟು ಹೋಯಿತು. ಹೆದರಿಕೆ ಹೋಗಲಿಲ್ಲ. ಹೆಚ್ಚೇ ಆಯಿತು.

ನವೆಂಬರ್ ಕೊನೆಯ ವಾರ. ಅರೇಬಿಕಾ ಕುಯ್ಲಿನ ಭರ. ಅಪ್ಪ, ಅಣ್ಣ, ಜೀಪು, ಯಾರೂ ಯಾವುದೂ ಮನೆಯಲ್ಲಿ ಸಿಗದ ಕಾಲ. ನಾನು ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಅಡ್ಡಾಡುತ್ತಿದ್ದೆ. ಮೂರು ದಿನದ ಸರದಿಗೆ ಬಂದ ಸಿಸ್ಟರಮ್ಮ ಹಳ್ಳದ ಆಚೆಯಿಂದಲೇ ನನ್ನನ್ನು ನೋಡಿ ನಿಂತರು. ಅವತ್ತು ಕೈ ತೊಳೆಯುವುದಕ್ಕೂ ಮೊದಲೇ ಕೇಳಿದರು.

"ಹೊಟ್ಟೆ ಯಾವಾಗ ಇಳೀತು?"

ಎರಡು ದಿನದಿಂದ ಉಸಿರಾಡುವುದು ಸುಲಭವಾಗಿದೆ, ಊಟ ಸೇರುತ್ತಿದೆ ಎಂದೆ. ಒಳ್ಳೆಯ ಸುದ್ದಿ ಎಂದೇ ಹೇಳಿದ್ದು. ಅವರು ಒಳಗೆ ಮಲಗಿಸಿ, ಬೆರಳುಗಳಿಂದ ಹೊಟ್ಟೆ ಅಳೆದರು, ಕೆಳಗೆ ಒತ್ತಿ ಮಗುವಿನ ತಲೆ ಎಲ್ಲಿದೆ ಎಂದು ನೋಡಿದರು. ಮತ್ತೆ ಅಳೆದರು.

"ಜನವರಿ ಅಂತ ಯಾರ್ ಹೇಳಿದ್ದು?"

ಹೂಮಳೆಯ ವಿಷಯ ಹೇಳಿದೆ. ಮಾವನ ಪುಸ್ತಕದ ವಿಷಯ ಹೇಳಿದೆ.

"ಆ ಮಳೆ ಬಿದ್ದಾಗ ನೀನ್ ಎಲ್ಲಿದ್ದೆ?"

ಮಲಗಿದ್ದವಳು ಎದ್ದು ಕೂತೆ. ದೊಡ್ಡಪ್ಪನ ಮಗಳ ಮದುವೆಗೆಂದು ನಾನು ಆಗ ಇಲ್ಲಿಗೇ ಬಂದಿದ್ದೆ. ತಲೆ ಮೇಲೆ ನೀರು ಹಾಕಿಕೊಂಡು ಈ ಮನೆಯ ಹಿತ್ತಲಿನಲ್ಲಿ ಕೂದಲು ಒಣಗಿಸುವಾಗ ದಪ್ಪ ದಪ್ಪ ಹನಿ ಬಿದ್ದಿತ್ತು. ನಾನು ಹೇಳಿದ ಹೂಮಳೆ ಹೆಗ್ಗದ್ದೆಯದು. ಮಾವ ಪುಸ್ತಕದಲ್ಲಿ ಹುಡುಕಿದ ಹೂಮಳೆ ಪಾಳ್ಯದ್ದು. ಒಂದು ಊರಿಗೆ ಬಿದ್ದ ಬೇಸಿಗೆಯ ಮಳೆ ಪಕ್ಕದ ಊರಿಗೆ ಬೀಳುವುದಿಲ್ಲ ಎಂದು ನಮ್ಮ ಕಡೆಯ ಕೂಸಿಗೂ ಗೊತ್ತು. ಇಷ್ಟು ಜನ ಸೇರಿ ಅಷ್ಟನ್ನು ಯೋಚಿಸಲಿಲ್ಲ. ಎಲ್ಲರಿಗಿಂತ ಹೆಚ್ಚಾಗಿ ನಾನು, ಡಾಕ್ಟರಮ್ಮನ ಮುಂದೆ ತಲೆಯಾಡಿಸಿದವಳು.

ಅಪ್ಪನ ಮಳೆ ಪುಸ್ತಕ ತಂದು ನೋಡಿದೆವು. ನಮ್ಮಲ್ಲಿ ಮಾರ್ಚ್ ಮೊದಲ ವಾರಕ್ಕೇ ಹೂಮಳೆಯಾಗಿತ್ತು. ಸಿಸ್ಟರಮ್ಮ ಬೆರಳು ಮಡಚಿ ಎಣಿಸಿದರು. ಜನವರಿಯಲ್ಲ. ಇನ್ನು ಹೆಚ್ಚೆಂದರೆ ಎರಡು ವಾರ. ಹೊಟ್ಟೆ ಇಳಿದಿರುವುದನ್ನು ನೋಡಿದರೆ ಅಷ್ಟೂ ಇಲ್ಲ. ಡಿಸೆಂಬರ್ ನಡುವಿನ ನಮ್ಮ ಪ್ರಯಾಣದ ಹೊತ್ತಿಗೆ ಮಗು ಇದೇ ಮನೆಯಲ್ಲಿ ಹುಟ್ಟಿ, ನೋಡಲು ಚೆನ್ನಾಗಿದ್ದು, ಆಮೇಲೆ ಇಲ್ಲವಾಗುತ್ತಿತ್ತು.

"ನಾಳೆ ಬೆಳಿಗ್ಗೆ ಹೊರಡಿ" ಅಂದರು.

ಹೇಳಿ ಕಳಿಸಿದ್ದಕ್ಕೆ ತೋಟದಿಂದ ಬಂದ ಅಪ್ಪ ತಲೆ ಕೆರೆದುಕೊಂಡರು. ಕುಯ್ಲಿಗೆ ಆಳು ಬಂದಿದ್ದಾರೆ, ಜೀಪು ಬಿಡಿಸುವುದು ಕಷ್ಟ, ಭಾನುವಾರ ಆದರೆ ಆಗಬಹುದು ಅಂದರು. ಅವ್ವನಿಗೆ ಅಮಾವಾಸ್ಯೆ ಅಡ್ಡ ಬಂತು. ಎರಡು ದಿನ ಕಳೆಯಲಿ, ಪಾಡ್ಯ ಬಿಟ್ಟು ಬಿದಿಗೆಗೆ ಹೊರಟರಾಯಿತು ಅಂದಳು. ಸಿಸ್ಟರಮ್ಮನ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಹಣ್ಣು ಗಿಡದಲ್ಲೇ ಕೂತಿರ್ತೈತೆ ಯಜಮಾನ್ರೇ, ಇದು ಕೂರಲ್ಲ! ಅಮಾಸೆ ನೋಡ್ಕಂಡು ಬರಲ್ಲ ಇದು! ನಂಗೆ ಹೆದ್ರಿಕೆ ಆಯ್ತೈತೆ, ನಿಮ್ಗ್ ಯಾರ್ಗೂ ಆಗಲ್ವಾ?"

ಅವರೇ ಫೋನೆತ್ತಿ ಪಾಳ್ಯಕ್ಕೆ ಮಾಡಿದರು. ಆಚೆ ಕಡೆ ಮಾವ, ತಮ್ಮ ಪುಸ್ತಕದಲ್ಲಿ ಇವತ್ತಿನವರೆಗೆ ಒಂದು ಸೆಂಟೂ ತಪ್ಪಾಗಿಲ್ಲ ಎಂದು ವಾದಿಸಿದ್ದು ಕೋಣೆಯಲ್ಲಿದ್ದ ನಮಗೆಲ್ಲ ಕೇಳಿಸಿತು. "ನಿಮ್ ಪುಸ್ತಕ ಸರಿಯಾಗೇ ಐತೆ ಸ್ವಾಮಿ. ಮಳೆ ಬೇರೆ!" ಎಂದು ಇವರು ಕೂಗಿದರು. ತಾಲ್ಲೂಕು ಆಸ್ಪತ್ರೆಯ ಜವಾನನಿಗೂ ಹೆದರುತ್ತಿದ್ದ ಹೆಂಗಸು ಅವರು.

ಬೆಳಿಗ್ಗೆ ಹೊರಟೆವು. ಮುಂದೆ ಅಣ್ಣ, ಅಪ್ಪ. ಹಿಂದೆ ನಾನು, ಅವ್ವ, ಸಿಸ್ಟರಮ್ಮ. ನಮ್ಮನೆಯವರು ಆಲೂರಿನಲ್ಲಿ ಹತ್ತಿಕೊಂಡರು. ಸಿಸ್ಟರಮ್ಮ ರಜೆ ಹಾಕಿರಲಿಲ್ಲ; ಅದಕ್ಕೆ ಆಮೇಲೆ ಮೆಮೊ ಬಂತು. ಜೀಪಿನ ತಿರುವುಗಳಿಗೆ ಅವರಿಗೆ ವಾಂತಿ, ಎದುರು ಬರುವ ಲಾರಿಗಳಿಗೆ ಹೆದರಿಕೆ. ಇಷ್ಟರ ನಡುವೆ ಒಂದೊಂದು ಊರು ದಾಟಿದಾಗಲೂ ಗಟ್ಟಿಯಾಗಿ ಹೇಳುತ್ತಿದ್ದರು: ಈಗ ನೋವು ಬಂದರೆ ಹಾಸನಕ್ಕೆ ಹಿಂದೆ. ಈಗ ಬಂದರೆ ಚನ್ನರಾಯಪಟ್ಟಣ. ಈಗ ಬಂದರೆ ಎಲ್ಲಿಗೂ ಇಲ್ಲ, ಮುಂದಕ್ಕೇ. ಅವ್ವ ಕಿವಿ ಮುಚ್ಚಿಕೊಂಡಿದ್ದಳು. ನನಗೆ ಮಾತ್ರ ಆ ಲೆಕ್ಕ ಬೇಕಾಗಿತ್ತು. ಹಿರೀಸಾವೆ ಹತ್ತಿರ ಸಿಸ್ಟರಮ್ಮ ಜೀಪು ನಿಲ್ಲಿಸಿ, ಹೊಟ್ಟೆಗೆ ಕೊಳವೆ ಇಟ್ಟು, "ಬಡೀತೈತೆ, ಚೆನ್ನಾಗೈತೆ" ಅಂದರು. ಸಂಜೆಯೊಳಗೆ ಆಸ್ಪತ್ರೆ ಸೇರಿದೆವು. ನನ್ನನ್ನು ಒಳಗೆ ಕರೆದುಕೊಂಡ ಮೇಲೆ ಅವರು ಹೇಳದೆ ಕೇಳದೆ ಬಸ್ಸು ಹತ್ತಿ ಊರಿಗೆ ಹೋದರು. ಮಾರನೆಯ ದಿನ ಲೈನಿನ ಮಕ್ಕಳಿಗೆ ಚುಚ್ಚುಮದ್ದಿತ್ತಂತೆ.

ಐದನೆಯ ದಿನ ನೋವು ಬಂತು. ಹೆಣ್ಣು ಮಗು. ಹುಟ್ಟಿದಾಗ ಕೆಂಪಗಿತ್ತು, ಜೋರಾಗಿ ಅತ್ತಿತು. ಅಷ್ಟು ಚೆಂದದ ಮಗುವನ್ನು ನೋಡಿ ನನ್ನ ಎದೆ ಹೆದರಿಕೆಯಿಂದ ಒಡೆದೇ ಹೋಗುತ್ತದೆ ಅನ್ನಿಸಿತು. ಸ್ವಲ್ಪ ಹೊತ್ತಿಗೆ ತುಟಿಯ ಸುತ್ತ ಬಣ್ಣ ಬದಲಾಯಿತು, ಉಗುರು ನೀಲಿಯಾಯಿತು. ಅಷ್ಟರಲ್ಲಿ ಕೈಗೆ ಸೂಜಿ ಹಾಕಿ ಔಷಧಿ ಬಿಟ್ಟಿದ್ದರು. ಒಂಬತ್ತನೆಯ ದಿನ ಆಪರೇಶನ್. ಬಾಗಿಲು ಮುಚ್ಚಿದಾಗಿನಿಂದ ತೆರೆಯುವವರೆಗೆ ನಾನು ಏನು ಮಾಡಿದೆ, ಯಾರ ಜೊತೆ ಮಾತಾಡಿದೆ, ಒಂದೂ ನೆನಪಿಲ್ಲ. ಬಾಗಿಲಿನ ಬಣ್ಣ ಮಾತ್ರ ನೆನಪಿದೆ. ಹಸಿರು.

ಮಗು ಉಳಿಯಿತು. ಮೂರು ತಿಂಗಳ ಮೇಲೆ ಹೆಗ್ಗದ್ದೆಗೆ ಕರೆತಂದೆವು. ಸಿಸ್ಟರಮ್ಮ ಅವತ್ತೇ ಬಂದರು. ಕೈ ತೊಳೆದು, ಒಣಗಿಸಿಕೊಂಡು, ಮಗುವಿನ ಅಂಗಿಯ ಗುಂಡಿ ಬಿಚ್ಚಿ, ಎದೆಯ ನಡುವಿನ ಉದ್ದನೆಯ ಗಾಯದ ಗೆರೆ ನೋಡಿದರು. ಕೊಳವೆ ತೆಗೆಯಲಿಲ್ಲ, ಬಗ್ಗಿ ಕಿವಿಯನ್ನೇ ಅದರ ಎದೆಗೆ ಇಟ್ಟರು. ಎದ್ದಾಗ ಮುಖವೆಲ್ಲ ಒದ್ದೆಯಾಗಿತ್ತು.

"ನಿಂಗೊಂದು ಹೇಳ್ಬೇಕಿತ್ತು ಕಣವ್ವ" ಅಂದರು. "ಅವತ್ತು ಹಿರೀಸಾವೆ ಹತ್ರ ಜೀಪು ನಿಲ್ಸಿ ಕೊಳವೆ ಇಟ್ಟು ನೋಡಿದ್ನಲ್ಲ. ನಂಗೇನೂ ಕೇಳ್ಲಿಲ್ಲ. ನಾಕ್ ಕಡೆ ಇಟ್ಟೆ. ಎಲ್ಲೂ ಇಲ್ಲ. ಬಡೀತೈತೆ, ಚೆನ್ನಾಗೈತೆ ಅಂತ ಸುಳ್ ಹೇಳ್ದೆ. ಆಮೇಲೆ ಕುಣಿಗಲ್‌ನಲ್ಲಿ ಇಟ್ಟಾಗ ಸಿಕ್ತು. ಅಲ್ಲಿಗಂಟ ಸತ್ತೈತೆ ಅಂತ್ಲೇ ತಿಳ್ಕಂಡಿದ್ದೆ ಕಣವ್ವ."

"ಎಲ್ಲರನ್ನೂ ಹೆದರಿಸೋರು, ಅವತ್ತು ಯಾಕೆ ಹೇಳಲಿಲ್ಲ ಸಿಸ್ಟರಮ್ಮ?" ಎಂದೆ.

"ಜೀಪು ಆಗ್ಲೇ ಹೊರಟಿತ್ತಲ್ಲವ್ವ. ಹೊರಡೋಕೆ ಎಲ್ರೂ ಹೆದರ್ಬೇಕು. ಹೊರಟ ಮೇಲೆ ಒಬ್ರು ಹೆದರಿದ್ರೆ ಸಾಕು."

ಹಿರೀಸಾವೆಯಿಂದ ಕುಣಿಗಲ್‌ಗೆ ಜೀಪಿನಲ್ಲಿ ಒಂದು ಗಂಟೆಯ ದಾರಿ. ಚೆನ್ನಾಗಿದೆ ಎಂದು ಅವರು ಹೇಳಿದ ಮೇಲೆ, ಎಷ್ಟೋ ವಾರಗಳಲ್ಲಿ ಮೊದಲ ಸಲ ನನಗೆ ಕಣ್ಣು ಹತ್ತಿತ್ತು. ಆ ಒಂದು ಗಂಟೆ ಪೂರ್ತಿ ನಾನು ಅವರ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಮಾಡಿದ್ದೆ.